ಆಲ್ಸಾ ಕೋಡೆಕ್ ಡ್ರೈವರ್ ಪ್ಯಾಕೇಜಿಂಗ್: 5.15ರ ಕೋಡ್ 6.15ರವರೆಗೆ

ಆಲ್ಸಾ ಅಂದರೆ ಲಿನಕ್ಸ್ ಕರ್ನೆಲ್‌ನ ಧ್ವನಿ ವ್ಯವಸ್ಥೆ. ಇಲ್ಲಿರುವುದು ಐ2ಸಿ ಬಸ್ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಸಂಪರ್ಕ) ಮೇಲಿನ ಒಂದು ಆಡಿಯೊ ಕೋಡೆಕ್ ಚಿಪ್‌ನ ಡ್ರೈವರ್, ಜೊತೆಗೆ ಅದನ್ನು ಬೋರ್ಡ್‌ನ ಉಳಿದ ಆಡಿಯೊ ಭಾಗಗಳಿಗೆ ಜೋಡಿಸುವ ಮಷೀನ್ ಡ್ರೈವರ್. ಎರಡೂ ಮೇನ್‌ಲೈನ್‌ನಲ್ಲಿ (ಅಧಿಕೃತ ಲಿನಕ್ಸ್ ಕರ್ನೆಲ್‌ನ ಕೋಡ್‌ನಲ್ಲಿ) ಇಲ್ಲ, ಕರ್ನೆಲ್ 5.15ಕ್ಕೆ ಬರೆದವು. ಒಂದೇ ಡಿಕೆಎಂಎಸ್ (ಪ್ರತಿ ಕರ್ನೆಲ್‌ಗೂ ಮಾಡ್ಯೂಲನ್ನು ತಾನಾಗಿ ಬಿಲ್ಡ್ ಮಾಡುವ ಸಾಧನ) ಪ್ಯಾಕೇಜ್ 5.15, 6.1, 6.6, 6.12, 6.15 ಎಲ್ಲದರಲ್ಲೂ ಬಿಲ್ಡ್ ಆಗಬೇಕು. ಸದ್ಯ ಮೊದಲ ನಾಲ್ಕು ಪಾಸ್. 6.15ರಲ್ಲಿ ಕಂಪೈಲ್ ಮುಗಿಯುತ್ತದೆ, ಮಾಡ್‌ಪೋಸ್ಟ್‌ನಲ್ಲಿ (ಮಾಡ್ಯೂಲ್ ಕರೆಯುವ ಫಂಕ್ಷನ್‌ಗಳು ಕರ್ನೆಲ್‌ನಲ್ಲಿ ಇವೆಯೇ ಎಂದು ನೋಡುವ ಹಂತ) ನಿಲ್ಲುತ್ತದೆ.

ಮೊದಲ ತೊಡಕು ಕೋಡ್‌ನದಲ್ಲ, ಮೇಕ್‌ಫೈಲ್‌ನದು. ಹೆಡರ್‌ಗಳ ಜಾಗ ಹುಡುಕಲು ಅದು ‘ಯುನೇಮ್ -ಆರ್’ (ಓಡುತ್ತಿರುವ ಕರ್ನೆಲ್‌ನ ಆವೃತ್ತಿ ಹೇಳುವ ಕಮಾಂಡ್) ಬಳಸುತ್ತಿತ್ತು. ಸಿಎಚ್‌ರೂಟ್‌ನೊಳಗೆ (ತನ್ನದೇ ರೂಟ್ ಡೈರೆಕ್ಟರಿಯಿರುವ ಪ್ರತ್ಯೇಕ ಬಿಲ್ಡ್ ಜಾಗ) ಅದು ಹೊರಗಿನ ಯಂತ್ರದ ಕರ್ನೆಲ್‌ನ ಹೆಸರನ್ನೇ ಕೊಡುತ್ತದೆ, ಆ ಹೆಡರ್‌ಗಳು ಒಳಗೆ ಇರುವುದಿಲ್ಲ. ಕರ್ನೆಲ್ ಅಪ್‌ಡೇಟ್ ವೇಳೆ ಇನ್ನೂ ಕೆಟ್ಟದು: ಹಳೆಯ ಕರ್ನೆಲ್‌ಗೆ ಸದ್ದಿಲ್ಲದೆ ಬಿಲ್ಡ್ ಆಗಿ, ರೀಬೂಟ್ ಆದ ಮೇಲೆ ವರ್ಮ್ಯಾಜಿಕ್ (ಮಾಡ್ಯೂಲ್ ಯಾವ ಕರ್ನೆಲ್‌ಗೆ ಎಂಬ ಗುರುತು) ಹೊಂದದೆ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಡಿಕೆಎಂಎಸ್ ಕೊಡುವ ‘ಕರ್ನೆಲ್‌ವರ್’ ವೇರಿಯಬಲ್ಲನ್ನೇ ಮೇಕ್ ಸಾಲಿಗೆ ಕೊಡಬೇಕು.

ಲಾಗ್ ಓದುವ ರೀತಿ: ಮೇಕ್.ಲಾಗ್‌ನ ಕೊನೆಯ ‘ಎರರ್ 2’ ಸಾಲು ಏನನ್ನೂ ಹೇಳುವುದಿಲ್ಲ. ಮೇಲಿನಿಂದ ಮೊದಲ ಎರರ್ ಹುಡುಕಬೇಕು. ಹಲವು ಜಾಬ್‌ಗಳು ಒಟ್ಟಿಗೆ ಓಡಿದರೆ ಸಾಲುಗಳು ಕಲೆಸಿಹೋಗುತ್ತವೆ, ಆದ್ದರಿಂದ ‘-ಜೆ1 ವಿ=1’ ಕೊಟ್ಟು ಮತ್ತೆ ಓಡಿಸಿ. ಕಂಪೈಲರ್‌ಗೆ ಹೋದ ಪೂರ್ತಿ ಸಾಲೂ ಕಾಣುತ್ತದೆ.

ಎಪಿಐ ಬದಲಾವಣೆಗಳು ಹೆಚ್ಚಿನವು ಸರಳ. ಐ2ಸಿ ರಿಮೂವ್ (ಸಾಧನ ಬಿಡುವಾಗಿನ ಫಂಕ್ಷನ್) 6.1ರಿಂದ ವಾಯ್ಡ್, ಅಂದರೆ ಇಂಟ್ ಹಿಂದಿರುಗಿಸುವುದಿಲ್ಲ; 6.3ರಿಂದ ಪ್ರೋಬ್‌ಗೆ (ಸಾಧನ ಸಿಕ್ಕಾಗಿನ ಫಂಕ್ಷನ್) ಎರಡನೇ ಆರ್ಗ್ಯುಮೆಂಟ್ ಇಲ್ಲ. ಪ್ಲಾಟ್‌ಫಾರ್ಮ್ ಡ್ರೈವರ್‌ನ ರಿಮೂವ್ 6.11ರಲ್ಲಿ ವಾಯ್ಡ್ ಆಯಿತು. ಇವೆಲ್ಲ ‘ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಟೈಪ್’ ಎಂದೇ ಬರುತ್ತವೆ. ಕಾಸ್ಟ್ ಹಾಕಿ ಬಾಯಿ ಮುಚ್ಚಿಸಬೇಡಿ, ಫಂಕ್ಷನ್‌ನ ಸಹಿಯನ್ನೇ ತಿದ್ದಿ. 6.12ರಲ್ಲಿ ಅನ್‌ಅಲೈನ್ಡ್ ಹೆಡರ್ ‘ಎಎಸ್‌ಎಂ’ನಿಂದ ‘ಲಿನಕ್ಸ್’ ಡೈರೆಕ್ಟರಿಗೆ ಹೋಯಿತು. ಅದಕ್ಕೆ ‘ಹ್ಯಾಸ್_ಇನ್‌ಕ್ಲೂಡ್’ ಪರೀಕ್ಷೆ ಸಾಕು, ವರ್ಷನ್ ಸಂಖ್ಯೆ ಬೇಡವೇ ಬೇಡ.

ವರ್ಷನ್ ಸಂಖ್ಯೆಯನ್ನು ಅಷ್ಟು ನಂಬದಿರಲು ಕಾರಣವಿದೆ. ರೆಡ್ ಹ್ಯಾಟ್ 9ನೇ ಸರಣಿಯ ಕರ್ನೆಲ್ 5.14 ಎಂದೇ ಹೇಳಿಕೊಳ್ಳುತ್ತದೆ, ಆದರೆ ಹೊಸ ಕರ್ನೆಲ್‌ಗಳ ಎಷ್ಟೋ ಬದಲಾವಣೆಗಳು ಅದರೊಳಗೆ ಬ್ಯಾಕ್‌ಪೋರ್ಟ್ ಆಗಿ ಸೇರಿರುತ್ತವೆ. ‘6.1ಕ್ಕಿಂತ ಹಳೆಯದಾದರೆ ಇಂಟ್’ ಎಂಬ ಶರತ್ತು ಅಲ್ಲಿ ಕೈಕೊಡಬಹುದು. ಅದಕ್ಕಾಗಿ ಮೇಕ್‌ಫೈಲ್‌ನಲ್ಲಿ ‘ಎಸ್‌ಆರ್‌ಸಿಟ್ರೀ’ಯ (ಕರ್ನೆಲ್ ಮೂಲದ ಡೈರೆಕ್ಟರಿ) ಕೆಳಗಿನ ಐ2ಸಿ ಹೆಡರ್‌ನಲ್ಲಿ ರಿಮೂವ್ ವಾಯ್ಡ್ ಆಗಿದೆಯೇ ಎಂದು ಗ್ರೆಪ್ ಮಾಡಿ, ಸಿಕ್ಕರೆ ಒಂದು ಡಿಫೈನ್ ಹಾಕುವ ವ್ಯವಸ್ಥೆ ಮಾಡಿದೆ. ನೋಡಲು ಅಷ್ಟು ಚೆಂದವಿಲ್ಲ, ಆದರೆ ಎದುರಿಗಿರುವ ಹೆಡರನ್ನೇ ಕೇಳುತ್ತದೆ.

6.15ರದು ಹೆಚ್ಚು ಹೊತ್ತು ತಿಂದಿತು. ಎರರ್ ನಮ್ಮದೇ ಹೆಡರ್ ಸಿಗುತ್ತಿಲ್ಲ ಎನ್ನುತ್ತದೆ, ಫೈಲ್ ನೋಡಿದರೆ ಅಲ್ಲೇ ಇದೆ. ಆ ಆವೃತ್ತಿ ‘ಎಕ್ಸ್‌ಟ್ರಾ_ಸಿಫ್ಲ್ಯಾಗ್ಸ್’ಗೆ (ಕಂಪೈಲರ್‌ಗೆ ಹೆಚ್ಚುವರಿ ಆಯ್ಕೆ ಕೊಡುವ ಹಳೆಯ ವೇರಿಯಬಲ್) ಬೆಂಬಲ ತೆಗೆದಿದೆ, ಒಂದು ವಾರ್ನಿಂಗೂ ಇಲ್ಲದೆ ಇನ್‌ಕ್ಲೂಡ್ ಪಾತ್ ಮಾಯ. ‘ವಿ=1’ ಸಾಲಿನಲ್ಲಿ ‘-ಐ’ ಇಲ್ಲದ್ದು ಕಂಡಾಗಲೇ ಗೊತ್ತಾದದ್ದು. ‘ಸಿಸಿಫ್ಲ್ಯಾಗ್ಸ್-ವೈ’ ಎಂದು ಬದಲಿಸಿ, ಪಾತ್‌ನ ಮುಂದೆ ‘ಎಸ್‌ಆರ್‌ಸಿ’ ವೇರಿಯಬಲ್ ಹಾಕಿ. ಬರೀ ರಿಲೇಟಿವ್ ಪಾತ್ ಬೇಡ: 6.13ರಲ್ಲಿ ಕೆಬಿಲ್ಡ್ (ಕರ್ನೆಲ್‌ನ ಬಿಲ್ಡ್ ವ್ಯವಸ್ಥೆ) ಕೆಲಸ ಮಾಡುವ ಡೈರೆಕ್ಟರಿಯೇ ಬದಲಾಗಿದೆ. ಅದೇ 6.15ರಲ್ಲಿ ‘ಡೆಲ್_ಟೈಮರ್’ ಕೂಡ ಹೋಗಿದೆ, ಅದರ ಜಾಗಕ್ಕೆ ‘ಟೈಮರ್_ಡಿಲೀಟ್’.

ಉಳಿದಿರುವುದು ಮಾಡ್‌ಪೋಸ್ಟ್‌ನ ‘ಅನ್‌ಡಿಫೈನ್ಡ್’: ರೆಗ್‌ಮ್ಯಾಪ್‌ನ (ಚಿಪ್‌ನ ರಿಜಿಸ್ಟರ್‌ಗಳನ್ನು ಓದಿ ಬರೆಯುವ ಕರ್ನೆಲ್‌ನ ಭಾಗ) ಐ2ಸಿ ಇನಿಟ್ ಫಂಕ್ಷನ್. ಮಾಡ್ಯೂಲ್.ಸಿಮ್‌ವರ್ಸ್‌ನಲ್ಲಿ (ಕರ್ನೆಲ್ ಹೊರಗೆ ಕೊಡುವ ಫಂಕ್ಷನ್‌ಗಳ ಪಟ್ಟಿ) ಹುಡುಕಿದರೆ ಅದು ಇಲ್ಲವೇ ಇಲ್ಲ. ಈ 6.15 ಕನಿಷ್ಠ ಕಾನ್ಫಿಗ್‌ನಿಂದ ಕಟ್ಟಿದ್ದು; ರೆಗ್‌ಮ್ಯಾಪ್ ಐ2ಸಿ ಆಯ್ಕೆ ಮೆನುವಿನಲ್ಲಿ ಕಾಣುವುದಿಲ್ಲ, ಅದನ್ನು ‘ಸೆಲೆಕ್ಟ್’ ಮಾಡುವ ಡ್ರೈವರ್ ಒಂದಾದರೂ ಕರ್ನೆಲ್‌ನೊಳಗೆ ಆನ್ ಆಗಿರಬೇಕು. ಕೋಡ್ ತಿದ್ದಿ ಪ್ರಯೋಜನವಿಲ್ಲ. ಹಾಗಾಗಿ ಮುಂದಿನ ಕಮಿಟ್‌ನಲ್ಲಿ ಎರಡು ಕೆಲಸ: ಪರೀಕ್ಷಾ ಕರ್ನೆಲ್‌ನಲ್ಲಿ ಯಾವುದಾದರೂ ಐ2ಸಿ ಕೋಡೆಕ್ ಡ್ರೈವರ್ ಆನ್ ಮಾಡುವುದು, ಡಿಕೆಎಂಎಸ್.ಕಾನ್ಫ್‌ನಲ್ಲಿ ‘ಬಿಲ್ಡ್_ಎಕ್ಸ್‌ಕ್ಲೂಸಿವ್_ಕಾನ್ಫಿಗ್’ ಸೇರಿಸುವುದು. ಆಗ ಅಂಥ ಕರ್ನೆಲ್‌ನಲ್ಲಿ ಡಿಕೆಎಂಎಸ್ ಬಿಲ್ಡ್‌ಗೆ ಕೈಹಾಕದೆ ಕಾರಣ ಹೇಳಿ ಮುಂದೆ ಹೋಗುತ್ತದೆ.