ಫಿಶ್‌ಮನ್ಸ್ ಟಿಪ್ಪಣಿ ಪುಸ್ತಕ: ಒಂಬತ್ತು ವಾರಗಳ ಪ್ರಗತಿ

ಮೊದಲ ವಾರ

ಜಪಾನಿನ ಫಿಶ್‌ಮನ್ಸ್ ಎಂಬ ರಾಕ್ ತಂಡವನ್ನು ನಾನು ಕೇಳಲು ತೊಡಗಿದ್ದು ಅದರ ಕೊನೆಯಿಂದ. ಅಂತರ್ಜಾಲದ ಮೂಲಕ ಈ ತಂಡದ ಬೆನ್ನು ಹತ್ತಿದ ಹೊರದೇಶದ ಕೇಳುಗರಲ್ಲಿ ನನ್ನಂಥವರು ಬಹಳ ಮಂದಿ. 1998ರ ಡಿಸೆಂಬರ್ 28ರಂದು ತೋಕ್ಯೋದ ಅಕಸಕ ಬ್ಲಿಟ್ಜ್ ಸಭಾಂಗಣದಲ್ಲಿ ನಡೆದ ಕಛೇರಿಯ ಧ್ವನಿಮುದ್ರಿಕೆ ಮೊದಲು ಕಿವಿಗೆ ಬೀಳುತ್ತದೆ. ಅದಾದ ಎರಡೂವರೆ ತಿಂಗಳಿಗೆ, 1999ರ ಮಾರ್ಚ್ 15ರಂದು, ಗಾಯಕ ಸತೋ ಶಿಂಜಿ ತಮ್ಮ 33ನೆಯ ವಯಸ್ಸಿನಲ್ಲಿ ತೀರಿಕೊಂಡರೆಂಬ ಸುದ್ದಿ ಹಿಂದೆಯೇ ತಿಳಿಯುತ್ತದೆ. ಆಮೇಲೆ ಈ ತಂಡದ ಯಾವ ಹಾಡನ್ನು ಹಾಕಿದರೂ ಸಾವಿನ ನೆರಳು ಅದರ ಮೇಲೆ ಬಿದ್ದೇ ಇರುತ್ತದೆ. ಈ ಅಭ್ಯಾಸವನ್ನು ಮುರಿಯಬೇಕೆಂದು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದೇನೆ. 1991ರಿಂದ 1999ರವರೆಗಿನ ಏಳು ಸ್ಟುಡಿಯೊ ಆಲ್ಬಮ್‌ಗಳನ್ನೂ ಮೂರು ಕಛೇರಿ ಆಲ್ಬಮ್‌ಗಳನ್ನೂ ಬಿಡುಗಡೆಯಾದ ಕ್ರಮದಲ್ಲಿಯೇ ಕೇಳುವುದು, ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡುವುದು, ಸರದಿ ಬರುವವರೆಗೆ ಆ ಕೊನೆಯ ಕಛೇರಿಯನ್ನು ಮುಟ್ಟದಿರುವುದು ನಾನೇ ಹಾಕಿಕೊಂಡ ಕಟ್ಟುಪಾಡು.

ಎರಡನೆಯ ಮತ್ತು ಮೂರನೆಯ ವಾರ

ತಂಡ ಹುಟ್ಟಿದ್ದು 1987ರಲ್ಲಿ, ತೋಕ್ಯೋದ ಮೇಜಿ ಗಕುಇನ್ ವಿಶ್ವವಿದ್ಯಾಲಯದಲ್ಲಿ. ಹಾಡುವುದಕ್ಕೂ ಗಿಟಾರಿಗೂ ಸತೋ, ಡ್ರಮ್ಸ್‌ಗೆ ಮೊತೆಗಿ ಕಿನ್‌ಇಚಿ, ಗಿಟಾರಿಗೆ ಒಜಿಮ ಕೆನ್ಸುಕೆ. ಅನಂತರ ಬೇಸ್ ಗಿಟಾರಿನ ಕಶಿವಬರ ಯುಜುರು ಮತ್ತು ಕೀಬೋರ್ಡಿನ ಹಕಸೆ ಸೇರಿಕೊಂಡರು. 1991ರ ಮೊದಲ ಆಲ್ಬಮ್ 'ಚಾಪ್ಪೀ, ಡೋಂಟ್ ಕ್ರೈ' ಧ್ವನಿಮುದ್ರಣಗೊಂಡದ್ದು ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ. ನಿರ್ಮಾಪಕರು ಮ್ಯೂಟ್ ಬೀಟ್ ತಂಡದ ಟ್ರಂಪೆಟ್ ವಾದಕ ಕೊದಮ ಕಜುಫುಮಿ, ಜಪಾನಿನಲ್ಲಿ ಡಬ್ ಸಂಗೀತಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಒಬ್ಬರು.

ಈ ಆಲ್ಬಮನ್ನು ಮೂರು ಸಲ ಕೇಳಿದ ಮೇಲೆ ಪುಸ್ತಕದಲ್ಲಿ ಬರೆದುಕೊಂಡ ಮೊದಲ ಸಾಲು, "ಇವರು ಸುಖವಾಗಿದ್ದಾರೆ" ಎಂಬುದು. ಜಮೈಕಾದ ರಾಕ್‌ಸ್ಟೆಡಿ ಮತ್ತು ರೆಗೇ ಲಯವನ್ನು ಹಿಡಿದು, ಬಿಸಿಲಿಗೆ ಕಾಲು ಚಾಚಿ ಕುಳಿತಂತೆ ನುಡಿಸುವ ಹುಡುಗರು; ಅವರ ನಡುವೆ ಸತೋ ಅವರ ಎತ್ತರದ, ಅರ್ಧ ಮಗುವಿನಂಥ ಕಂಠ. ಮುಂದೇನಾಯಿತೆಂದು ತಿಳಿಯದವನು ಕೇಳಿದರೆ ಇದರಲ್ಲಿ ದುಃಖದ ಸುಳಿವೇ ಸಿಗಲಾರದು. 1992ರ 'ಕಿಂಗ್ ಮಾಸ್ಟರ್ ಜಾರ್ಜ್' ಹತ್ತು ಕಡೆಗೆ ಓಡುತ್ತದೆ, ಅದಕ್ಕೆ ಒಂದೇ ಪುಟ ಕೊಟ್ಟು ಮುಂದೆ ಹೋದೆ. 1993ರ 'ನಿಯೊ ಯಾಂಕೀಸ್ ಹಾಲಿಡೇ' ಮಾತ್ರ ನಾಲ್ಕು ಪುಟ ತಿಂದಿತು, ಏಕೆಂದರೆ ಜ್ಯಾಕ್ ಎಂಬ ಹೆಸರಿನ ಧ್ವನಿ ಎಂಜಿನಿಯರ್ ಇಲ್ಲಿಂದ ತಂಡದ ಜೊತೆಗಿದ್ದಾರೆ. ಡಬ್ ಎಂದರೆ ಮಿಕ್ಸಿಂಗ್ ಮೇಜನ್ನೇ ವಾದ್ಯದಂತೆ ನುಡಿಸುವ ಕಲೆ: ಧ್ವನಿಗಳಲ್ಲಿ ಒಂದನ್ನು ತಟ್ಟನೆ ಕತ್ತರಿಸುವುದು, ಇನ್ನೊಂದಕ್ಕೆ ಪ್ರತಿಧ್ವನಿ ಕೊಟ್ಟು ದೂರ ತೇಲಿಬಿಡುವುದು, ಬೇಸ್ ಮತ್ತು ಡ್ರಮ್ಸನ್ನಷ್ಟೇ ಉಳಿಸಿಕೊಳ್ಳುವುದು. ಈ ಕೆಲಸ ಮಾಡುವವನು ತಂಡದೊಳಗಿನವನೇ ಆಗಿರಬೇಕೆಂಬುದು ಈ ಆಲ್ಬಮ್ ಕೇಳಿದಾಗ ನನಗೆ ಅರ್ಥವಾಯಿತು.

ನಾಲ್ಕನೆಯ ವಾರ

ಈ ವಾರ ಹೊಸದಾಗಿ ಏನನ್ನೂ ಕೇಳಲಿಲ್ಲ. ತಪ್ಪು ತಿದ್ದುವುದರಲ್ಲಿಯೇ ಕಳೆದುಹೋಯಿತು. ಇಂಗ್ಲಿಷ್ ಕಾಗುಣಿತವನ್ನು ನೋಡಿ ಗಾಯಕರ ಹೆಸರನ್ನು ಎಲ್ಲೆಡೆ 'ಸಾಟೊ' ಎಂದು ಬರೆದಿದ್ದೆ. ಜಪಾನೀ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಾಗ ಮೊದಲ ಅಕ್ಷರ ಹ್ರಸ್ವ, ಎರಡನೆಯದು ದೀರ್ಘ, ನಡುವಿನದು ನಮ್ಮ ತಕಾರ ಎಂದು ತಿಳಿಯಿತು, ಆದ್ದರಿಂದ 'ಸತೋ'. ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಬೇರೆ ಬೇರೆ ಗುರುತುಗಳಿರುವ ಕನ್ನಡ ಲಿಪಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಜಪಾನೀಯರು ತಮ್ಮ ದೇಶಕ್ಕೆ ಹೇಳುವ 'ನಿಪ್ಪೊನ್' ಎಂಬುದರ ಒತ್ತಕ್ಷರವನ್ನಂತೂ ನಾವು ಯೋಚಿಸದೆಯೇ ಬರೆಯುತ್ತೇವೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. 1996ರ ಆಲ್ಬಮ್ಮಿನ ಹೆಸರಿನಲ್ಲಿರುವ 'ಕ್ಯಾಂಪ್' ಎಂಬ ಇಂಗ್ಲಿಷ್ ಪದವನ್ನು ಜಪಾನೀಯರು ಕೊನೆಗೊಂದು ಉಕಾರ ಸೇರಿಸಿ, ಹೆಚ್ಚುಕಡಿಮೆ ನಮ್ಮ ಹಿರಿಯರ ಬಾಯಿಯ 'ಕ್ಯಾಂಪು' ಎಂಬಂತೆಯೇ ಹೇಳುತ್ತಾರೆ. ನಲವತ್ತು ಪುಟಗಳಲ್ಲಿ 'ಸಾಟೊ'ವನ್ನು ಹೊಡೆದುಹಾಕಿದ ಬೇಸರ ಇದರಿಂದ ತುಸು ಕಡಿಮೆಯಾಯಿತು.

ಐದನೆಯ ವಾರ

ಲಂಡನ್‌ನಲ್ಲಿ ಧ್ವನಿಮುದ್ರಿಸಿದ 'ಆರೆಂಜ್' 1994ರಲ್ಲಿ ಹೊರಬಂತು. ಅದೇ ವರ್ಷ ಒಜಿಮ ತಂಡ ಬಿಟ್ಟರು, ಮರುವರ್ಷ ಹಕಸೆ ಬಿಟ್ಟರು. ಉಳಿದವರು ಸತೋ, ಮೊತೆಗಿ, ಕಶಿವಬರ ಮೂವರೇ. ಆ ಹೊತ್ತಿಗೆ ನಾಲ್ಕು ಆಲ್ಬಮ್ ಬಂದಿದ್ದರೂ ಜಪಾನಿನಲ್ಲಿ ದೊಡ್ಡ ಯಶಸ್ಸು ಕೈಗೆ ಸಿಕ್ಕಿರಲಿಲ್ಲ. ಇಂಥ ತಂಡವನ್ನು ಪಾಲಿಡೋರ್ ಎಂಬ ಧ್ವನಿಮುದ್ರಿಕೆ ಕಂಪನಿ ಕರೆದುಕೊಂಡು, ಅವರದೇ ಆದ ಸ್ಟುಡಿಯೊ ಒಂದಕ್ಕೆ ಅನುಕೂಲ ಮಾಡಿಕೊಟ್ಟಿತು. ಗಂಟೆಯ ಬಾಡಿಗೆಯ ಲೆಕ್ಕವಿಲ್ಲದೆ ಕುಳಿತು ಕೆಲಸ ಮಾಡುವ ಈ ಅವಕಾಶದಿಂದಲೇ ಮುಂದಿನ ಮೂರು ಆಲ್ಬಮ್‌ಗಳು ಸಾಧ್ಯವಾದವೆಂದು ನನ್ನ ಅಭಿಪ್ರಾಯ. ಅಭಿಮಾನಿಗಳು ಅವನ್ನು ತೋಕ್ಯೋದ ಒಂದು ಭಾಗದ ಹೆಸರಿನಿಂದ ಸೆತಗಯ ತ್ರಿವಳಿ ಎನ್ನುತ್ತಾರೆ. ಮೊದಲನೆಯದು 1996ರ ಫೆಬ್ರವರಿಯಲ್ಲಿ ಬಂದ 'ಕೂಚೂ ಕ್ಯಾಂಪು', ಎಂದರೆ ಗಾಳಿಯಲ್ಲಿ ಹೂಡಿದ ಬಿಡಾರ. ಇಬ್ಬರು ಹೋದ ಜಾಗವನ್ನು ತುಂಬುವ ಪ್ರಯತ್ನವನ್ನೇ ಅವರು ಮಾಡಿಲ್ಲ. ಖಾಲಿ ಜಾಗವನ್ನು ಹಾಗೆಯೇ ಬಿಟ್ಟು, ಕಶಿವಬರ ಅವರ ಬೇಸ್ ಅದರಲ್ಲಿ ನಿಧಾನವಾಗಿ ಅಡ್ಡಾಡುವಂತೆ ಮಾಡಿದ್ದಾರೆ.

ಆರನೆಯ ವಾರ

1996ರ ಅಕ್ಟೋಬರಿನ 'ಲಾಂಗ್ ಸೀಸನ್' ಆಲ್ಬಮ್ಮಿನಲ್ಲಿರುವುದು ಒಂದೇ ಒಂದು ಹಾಡು, ಮೂವತ್ತೈದು ನಿಮಿಷದ್ದು. ಅದರ ಮೂಲ ಅದಕ್ಕೂ ತುಸು ಮೊದಲು ಬಂದ 'ಸೀಸನ್' ಎಂಬ ಸಿಂಗಲ್. ಆನ್‌ಲೈನಿನಲ್ಲಿ ತರಿಸಿದ ಹಳೆಯ ಸಿ.ಡಿ.ಯಲ್ಲಿ ಗೀರು ಬಿದ್ದಿತ್ತು. ಬೇರೆ ಆಲ್ಬಮ್ ಆಗಿದ್ದರೆ ಆ ಹಾಡೊಂದನ್ನು ದಾಟಿಸಿ ಮುಂದಕ್ಕೆ ಹೋಗಬಹುದಿತ್ತು, ಇಲ್ಲಿ ಇರುವುದೇ ಒಂದು ಹಾಡಾದ್ದರಿಂದ ಪ್ಲೇಯರಿನ ಗುಂಡಿಯನ್ನು ಒತ್ತಿ ಹಿಡಿದು ಗೀರನ್ನು ದಾಟುವ ಹೊತ್ತಿಗೆ ನನ್ನ ನಿಮಿಷಗಳ ಲೆಕ್ಕವೆಲ್ಲ ತಪ್ಪಿಹೋಗುತ್ತಿತ್ತು. ಮೂರು ಸಂಜೆ ಹೀಗೆ ಕಳೆದ ಮೇಲೆ ಸಿ.ಡಿ.ಯನ್ನು ಪಕ್ಕಕ್ಕಿಟ್ಟು ಫೋನಿನಲ್ಲಿಯೇ ಕೇಳಿದೆ.

ಹಾಡು ಒಂದೇ ಸ್ವರಗುಚ್ಛವನ್ನು ತಿರುಗಿಸುತ್ತಾ ಆರಂಭವಾಗುತ್ತದೆ. ಅದರ ಕೆಳಗೆ ಬೇಸ್ ಬಂದು ಸೇರುತ್ತದೆ, ಮಾತು ಬರುವುದು ಬಹಳ ತಡವಾಗಿ. ನಡುಭಾಗದಲ್ಲಿ ರಾಗವೆಲ್ಲ ಕರಗಿ ತಾಳವಾದ್ಯಗಳಷ್ಟೇ ಉಳಿಯುತ್ತವೆ. ಇಲ್ಲಿ ನನ್ನ ನೆರವಿಗೆ ಬಂದದ್ದು ಕರ್ನಾಟಕ ಸಂಗೀತದ ಕಛೇರಿ: ಮುಖ್ಯ ಕೃತಿಯ ನಡುವೆ ಹಾಡುಗಾರರು ಸುಮ್ಮನಾಗಿ ಮೃದಂಗ ಮತ್ತು ಘಟಕ್ಕೆ ತನಿ ಆವರ್ತನ ಬಿಟ್ಟುಕೊಟ್ಟು, ಅದು ಮುಗಿದೊಡನೆ ಬಿಟ್ಟ ಸಾಲನ್ನೇ ಎತ್ತಿಕೊಂಡಾಗ ಆ ಸಾಲು ಹೊಸದಾಗಿ ಕೇಳಿಸುವುದಿಲ್ಲವೇ, ಇಲ್ಲಿಯೂ ಹಾಗೆಯೇ ಆಗುತ್ತದೆ. ಲೆಕ್ಕಾಚಾರ ಬೇರೆ, ಉದ್ದೇಶ ಬೇರೆ, ಸಂಬಂಧ ಕಲ್ಪಿಸುವ ಹಟ ನನಗಿಲ್ಲ. ಆದರೆ ಹಿಂತಿರುಗಿ ಬಂದ ಸಾಲಿನ ಮೇಲೆ ತಂಡದ ಜೊತೆ ನುಡಿಸುತ್ತಿದ್ದ ಕಲಾವಿದೆ ಹೊನ್ಜಿ ಅವರ ಪಿಟೀಲು ಏರುವ ಜಾಗವನ್ನು ಈ ಹೋಲಿಕೆಯಿಲ್ಲದೆ ನಾನು ಇಷ್ಟು ಚೆನ್ನಾಗಿ ಹಿಡಿಯುತ್ತಿರಲಿಲ್ಲ.

ಏಳನೆಯ ಮತ್ತು ಎಂಟನೆಯ ವಾರ

1997ರ ಜುಲೈ ತಿಂಗಳಿನಲ್ಲಿ ಬಂದ 'ಉಚೂ ನಿಪ್ಪೊನ್ ಸೆತಗಯ' ಕೊನೆಯ ಸ್ಟುಡಿಯೊ ಆಲ್ಬಮ್. ಹೆಸರು ವಿಶ್ವದಿಂದ ಹೊರಟು ದೇಶಕ್ಕಿಳಿದು ತೋಕ್ಯೋದ ಒಂದು ಬಡಾವಣೆಗೆ ಬಂದು ನಿಲ್ಲುತ್ತದೆ, ಮಕ್ಕಳು ಪಠ್ಯಪುಸ್ತಕದ ಮೊದಲ ಪುಟದಲ್ಲಿ ತಮ್ಮ ವಿಳಾಸವನ್ನು ಬೆಳೆಸುತ್ತಾ ಹೋಗಿ 'ಭೂಮಿ, ಸೌರಮಂಡಲ' ಎಂದು ಬರೆಯುವುದರ ತಿರುವುಮುರುವಾಗಿ. ಸಂಗೀತ ಇನ್ನಷ್ಟು ತೆಳುವಾಗಿದೆ. ಈ ತ್ರಿವಳಿಯಲ್ಲಿ ನಾನು ಕಡಿಮೆ ಮೆಚ್ಚಿದ್ದು ಇದನ್ನೇ, ಆದರೂ ಎರಡು ವಾರ ಇದರಲ್ಲಿಯೇ ಉಳಿದೆ. ಮುಂದಿನ ಆಲ್ಬಮ್ ಇಲ್ಲವೆಂಬ ತಿಳಿವಳಿಕೆ ಕೇಳುವಿಕೆಯೊಳಗೆ ನುಸುಳಿದ್ದು ಇದೇ ಮೊದಲು. ಇಷ್ಟು ವಾರ ಅದನ್ನು ಹೊರಗೇ ನಿಲ್ಲಿಸಿದ್ದೆ.

ಒಂಬತ್ತನೆಯ ವಾರ

ಕೊನೆಗೂ 1998ರ ಡಿಸೆಂಬರ್ 28. ಎರಡು ಡಿಸ್ಕ್‌ಗಳ ಈ ಆಲ್ಬಮ್ ಹೊರಬಂದದ್ದು 1999ರ ಸೆಪ್ಟೆಂಬರಿನಲ್ಲಿ, ಸತೋ ಅವರ ನಿಧನಾನಂತರ. ಕೊನೆಯಲ್ಲಿ 'ಲಾಂಗ್ ಸೀಸನ್' ನಲವತ್ತು ನಿಮಿಷ ದಾಟುತ್ತದೆ. ಈ ಕಛೇರಿ ಆಲ್ಬಮ್ಮಿನ ಜಪಾನೀ ಹೆಸರು 'ಒತೊಕೊತಚಿ ನೊ ವಕರೆ'. ಪುಸ್ತಕದ ಮೊದಲ ದಿನವೇ ಇದನ್ನು 'ಗಂಡಸರ ಅಗಲಿಕೆ' ಎಂದು ಕನ್ನಡಿಸಿದ್ದೆ. ಈಗ ನೋಡಿದರೆ ತಪ್ಪು ಆ ಪದದಲ್ಲಿಯೇ ಕುಳಿತಿತ್ತು, ಏಕೆಂದರೆ ಪತ್ರಿಕೆ ಓದುವ ಕನ್ನಡಿಗನಿಗೆ 'ಅಗಲಿದರು' ಎಂದರೆ ತೀರಿಕೊಂಡರು ಎಂದೇ ಅರ್ಥ. ಆ ಹೆಸರು ಇಟ್ಟದ್ದು ಕಶಿವಬರ ತಂಡ ಬಿಟ್ಟು ಹೊರಟಿದ್ದಕ್ಕೆ. ಆ ರಾತ್ರಿ ವೇದಿಕೆಯ ಮೇಲಿದ್ದವರು ಜೊತೆಗಾರನೊಬ್ಬನನ್ನು ಕಳಿಸಿಕೊಡುತ್ತಿದ್ದರು. ಎಂಟು ವಾರ ಅವರ ಹಿಂದೆಯೇ ನಡೆದು ಬಂದು ಕೇಳಿದಾಗ ನನಗೆ ಮೊದಲು ಕೇಳಿಸಿದ್ದು ಅವರ ಹುರುಪು, ಮೊತೆಗಿ ಅವರ ಡ್ರಮ್ಸಿನ ಅವಸರ. 'ಅಗಲಿಕೆ'ಯನ್ನು ಹೊಡೆದುಹಾಕಿ 'ಬೀಳ್ಕೊಡುಗೆ' ಎಂದು ಬರೆದಿದ್ದೇನೆ.

ಬಾಕಿ ಉಳಿದಿರುವ ಪುಟಗಳು ಇಷ್ಟು: ಮೊತೆಗಿ ತೋಕ್ಯೋ ಸ್ಕಾ ಪ್ಯಾರಡೈಸ್ ಆರ್ಕೆಸ್ಟ್ರಾವನ್ನೂ ಕಶಿವಬರ ಪೊಲಾರಿಸ್ ತಂಡವನ್ನೂ ಸೇರಿದ್ದು; 2005ರಲ್ಲಿ ಹೊಕ್ಕೈದೋ ದ್ವೀಪದ ರೈಸಿಂಗ್ ಸನ್ ಉತ್ಸವದಲ್ಲಿ ಅತಿಥಿ ಗಾಯಕರೊಂದಿಗೆ ತಂಡ ಮತ್ತೆ ವೇದಿಕೆ ಏರಿದ್ದು; ಹೊನ್ಜಿ 2007ರಲ್ಲಿ ತೀರಿಕೊಂಡದ್ದು; ಅಭಿಮಾನಿಗಳ ವಂತಿಗೆಯಿಂದ ಸಾಧ್ಯವಾದ 2021ರ ಸಾಕ್ಷ್ಯಚಿತ್ರ. ಮೂವತ್ತೆಂಟು ಪುಟಗಳು ಖಾಲಿ ಇವೆ. ಮುಂದಿನ ವಾರ ಹೊನ್ಜಿ ಅವರಿಂದ ಆರಂಭಿಸುತ್ತೇನೆ, ಪಿಟೀಲಿನ ಆ ಜಾಗವನ್ನು ಇನ್ನೊಮ್ಮೆ ಕೇಳಿಕೊಂಡು.