ಸೆಂಟ್ರೊಮಿಯರ್ ಎಣಿಸ್ರೋ!

ಜೀವಶಾಸ್ತ್ರದ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗ ಹಳೆಯ ಬ್ಯಾಚಿನವರ ಬಾಯಿಗೆ ಬಂದದ್ದು ಒಂದೇ ಮಾತು: "ಸೆಂಟ್ರೊಮಿಯರ್ ಎಣಿಸ್ರೋ!" ವರ್ಣತಂತು ಎಂದರೆ ಕೋಶದೊಳಗೆ ಡಿಎನ್ಎ ಹೊತ್ತ ಎಳೆ; ಅದರ ಎರಡು ನಕಲುಗಳು ಕೂಡಿರುವ ಗಂಟೇ ಸೆಂಟ್ರೊಮಿಯರ್.

ಅವರ ಮೈಟಾಸಿಸ್ (ಒಂದು ಕೋಶ ತನ್ನಂಥವೇ ಎರಡಾಗುವ ವಿಭಜನೆ) ಪಾಠ ಶುರುವಾಗುತ್ತಿದ್ದದ್ದೇ ಈರುಳ್ಳಿಯಿಂದ. ಹಳೆಯ ಬೇರು ಸವರಿ, ಬುಡವಷ್ಟೇ ನೀರಿಗೆ ತಾಗುವಂತೆ ಇಟ್ಟರೆ ಕೆಲವೇ ದಿನಗಳಲ್ಲಿ ಬಿಳಿ ಬೇರು ಇಳಿಯುತ್ತದೆ. ಬೆಳಗ್ಗೆ ಅದರ ತುದಿ ಕತ್ತರಿಸಿ, 1 ಪಾಲು ಅಸಿಟಿಕ್ ಆಮ್ಲಕ್ಕೆ 3 ಪಾಲು ಆಲ್ಕೊಹಾಲ್ ಬೆರೆಸಿದ ದ್ರವದಲ್ಲಿ 24 ಗಂಟೆ ಇಡಬೇಕು. ಸ್ಲೈಡಿಗೆ ಬೇಕಾದದ್ದು ಕೊನೆಯ 2–3 ಮಿ.ಮೀ. ಮಾತ್ರ, ಅದಕ್ಕಿಂತ ಮೇಲಿನ ಕೋಶಗಳು ಉದ್ದವಾಗುತ್ತವೆ, ಎರಡಾಗಿ ಒಡೆಯುವುದಿಲ್ಲ. ಒಂದೆರಡು ಹನಿ ಆಮ್ಲ, ಅಸಿಟೊಕಾರ್ಮೈನ್ ಬಣ್ಣ, ಹದವಾದ ಬಿಸಿ. ಕುದಿಸಿದರೆ ಕೆಟ್ಟಿತು. ಕವರ್ ಸ್ಲಿಪ್ ಮೇಲೆ ಹೆಬ್ಬೆರಳು ನೇರವಾಗಿ ಒತ್ತಬೇಕು; ಪಕ್ಕಕ್ಕೆ ಜಾರಿತೋ, ಕೋಶಗಳು ಸುರುಳಿ ಸುತ್ತಿಕೊಳ್ಳುತ್ತವೆ.

ಒಂದು ಬ್ಯಾಚು ಸೂಕ್ಷ್ಮದರ್ಶಕಕ್ಕೆ ಕಣ್ಣಿಡದೆ ಪುಸ್ತಕದ ಚಿತ್ರವನ್ನೇ ರೆಕಾರ್ಡಿಗೆ ಇಳಿಸಿತ್ತು. ಮೇಷ್ಟ್ರು ಪುಟ ತೆರೆದವರೇ ಹಿಡಿದರು. ಪುಸ್ತಕದ ಕೋಶದಲ್ಲಿ ಅನುಕೂಲಕ್ಕೆಂದು 4 ವರ್ಣತಂತು ಬರೆದಿರುತ್ತಾರೆ; ಈರುಳ್ಳಿಯಲ್ಲಿ 16! ಈಗ ಪರದೆಯ ಮೇಲೆ ಅನಿಮೇಷನ್ ಓಡಿಸಿ ಮುಗಿಸುವ ತರಗತಿಗಳಲ್ಲಿ ಈ ಕಳ್ಳತನಕ್ಕೂ ಅವಕಾಶವಿಲ್ಲ.

ಮಿಯಾಸಿಸ್‌ಗೆ (ಅಂಡಾಣು, ವೀರ್ಯಾಣುಗಳನ್ನು ಮಾಡುವ ವಿಭಜನೆ) ಬಂದಾಗ ಅವರು ಮೊದಲು ಲೆಕ್ಕ ಕೊಡುತ್ತಿದ್ದರು. ಅಂಡಾಣು, ವೀರ್ಯಾಣುಗಳಲ್ಲಿ ಸಂಖ್ಯೆ ಅರ್ಧವಾಗದಿದ್ದರೆ ಮನುಷ್ಯನ 46 ಮುಂದಿನ ತಲೆಮಾರಿಗೆ 92, ಹತ್ತನೆಯದಕ್ಕೆ 47,104. ಡಿಎನ್ಎ ನಕಲಾಗುವುದು ಒಮ್ಮೆ, ಕೋಶ ಒಡೆಯುವುದು ಎರಡು ಸಲ, ಆದ್ದರಿಂದ 23. ಆದರೆ ಅರ್ಧವಾಗುವುದು ಯಾವ ವಿಭಜನೆಯಲ್ಲಿ? ತರಗತಿಯ ಮುಕ್ಕಾಲು ಪಾಲು "ಎರಡನೆಯದು" ಎನ್ನುತ್ತಿತ್ತು. ಆಗಲೇ ಆ ಕೂಗು ಬೀಳುತ್ತಿದ್ದದ್ದು. ಒಂದು ಸೆಂಟ್ರೊಮಿಯರಿಗೆ ಒಂದು ವರ್ಣತಂತು, ಕ್ರೊಮ್ಯಾಟಿಡ್ (ನಕಲಾದ ಎಳೆ) ಎರಡಿದ್ದರೂ ಸರಿಯೇ. ಮೊದಲ ವಿಭಜನೆಯಲ್ಲಿ ತಾಯಿ, ತಂದೆಯಿಂದ ಬಂದ ವರ್ಣತಂತುಗಳ ಜೋಡಿಗಳು ಅಗಲುತ್ತವೆ, ಸೆಂಟ್ರೊಮಿಯರ್ ಸೀಳುವುದಿಲ್ಲ: 46 ಅಲ್ಲೇ 23 ಆಯಿತು. ಎರಡನೆಯದರಲ್ಲಿ ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ, 23 ಇದ್ದದ್ದು 23ರಲ್ಲೇ ಉಳಿಯುತ್ತದೆ.

ವೈವಾದಲ್ಲಿ ಅವರ ಮೆಚ್ಚಿನ ಪ್ರಶ್ನೆ ಬೇರೆ ಇತ್ತು. ನಾಲ್ಕು ಕೋಶಗಳಲ್ಲಿ 23, 23, 24, 22 ಸಿಕ್ಕರೆ ತಪ್ಪಿದ್ದೆಲ್ಲಿ? ಒಂದು ಜೋಡಿ ಮೊದಲ ವಿಭಜನೆಯಲ್ಲೇ ಅಗಲದೆ ಉಳಿದಿದ್ದರೆ 24, 24, 22, 22 ಬರಬೇಕಿತ್ತು, ನಾಲ್ಕೂ ಕೆಡುತ್ತಿದ್ದವು. ಎರಡು ನೆಟ್ಟಗಿವೆ ಎಂದರೆ ಜಾರಿದ್ದು ಎರಡನೆಯದು. 24ರ ಅಂಡಾಣುವಿನಲ್ಲಿ ಹೆಚ್ಚಾದದ್ದು 21ನೆಯ ವರ್ಣತಂತುವಾಗಿದ್ದರೆ ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್. ಇಷ್ಟನ್ನು ತಡವರಿಸದೆ ಹೇಳಿದವರು ನಮ್ಮ ಬ್ಯಾಚಿನಲ್ಲಿ ಇಬ್ಬರೇ. ಅವರಲ್ಲೊಬ್ಬರಿಗೆ ಈ ಪುಟ ಬರೆಯುವ ಕೆಲಸ ಬಿದ್ದಿದೆ.