ಕುಡಿಯೋಕೆ ಹಾಕ್ತಾನೆ ಅಂತ ಗೊತ್ತಿದ್ದೂ ಯಾಕೆ ಕೊಡ್ತೀರಿ?

ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಚರ್ಚಿನ ಗೇಟಿನ ಹತ್ತಿರ ಕೂತವರ ಕೈಗೆ ಇಪ್ಪತ್ತೋ ಐವತ್ತೋ ಇಡುತ್ತೇನೆ. ನೋಡಿದವರು ಕೇಳುತ್ತಾರೆ: "ಸಂಜೆ ಅವನು ಅದನ್ನ ಕುಡಿಯೋಕೆ ಹಾಕ್ತಾನೆ. ಗೊತ್ತಿದ್ದೂ ಕೊಡ್ತೀರಲ್ಲ, ಯಾಕೆ?"

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ತಾತನ ರಾಗಿ ಹೊಲದಲ್ಲಿ, ಕನಕಪುರದ ಕಡೆ. ಕೊಯ್ಲು ಮುಗಿದು ಹೊರೆ ಕಣಕ್ಕೆ ಹೋದ ಮೇಲೆ ಹಕ್ಕಲು ಆಯೋಕೆ ಹೆಂಗಸರು ಬರುತ್ತಿದ್ದರು. ಕೂಳೆ ಮಧ್ಯೆ ಬಿದ್ದ ತೆನೆಗಳನ್ನು ಬಗ್ಗಿ ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಒಂದು ವರ್ಷ ಅವರು ಬರುವ ಮೊದಲೇ ನಾನು ಹೊಲವೆಲ್ಲ ಓಡಾಡಿ, ಅಂಗಿ ತುಂಬ ತೆನೆ ಆಯ್ದು ತಾತನ ಮುಂದೆ ಸುರಿದೆ. ಶಹಬ್ಬಾಸ್ ಅಂತಾರೆ ಅಂದುಕೊಂಡಿದ್ದೆ. "ಅದು ನಮ್ಮದಲ್ಲ ಮಗಾ, ವಾಪಸ್ ಹಾಕಿ ಬಾ" ಅಂದರು.

ದೊಡ್ಡವನಾದ ಮೇಲೆ ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯ ಓದಿದಾಗ ಅಲ್ಲಿ ತಾತನ ಮಾತೇ ಇತ್ತು. ಹೊಲದ ಮೂಲೆವರೆಗೂ ಕೊಯ್ಯಬೇಡ, ಹಕ್ಕಲು ಆಯಬೇಡ, ಬಡವರಿಗೂ ಪರದೇಶಿಗೂ ಬಿಡು. ಆ ಬಡವನ ನಡತೆ ಹೇಗಿರಬೇಕು ಅನ್ನೋದರ ಬಗ್ಗೆ ಒಂದು ಮಾತೂ ಇಲ್ಲ.

ರೂತಳ ಕಥೆಯಲ್ಲಿ ಇದು ಇನ್ನೂ ಚೆನ್ನಾಗಿದೆ. ಗಂಡನನ್ನು ಕಳೆದುಕೊಂಡು, ಮೋವಾಬಿನಿಂದ ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದವಳು ಅವಳು. ಜವೆಗೋಧಿ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಊಟ ಮುಗಿಸಿ ಅವಳು ಎದ್ದ ಮೇಲೆ ಹೊಲದ ಯಜಮಾನ ಬೋವಜ ಆಳುಗಳಿಗೆ ಹೇಳುತ್ತಾನೆ: ಸಿವುಡಿನಿಂದ ಬೇಕಂತಲೇ ಒಂದಿಷ್ಟು ತೆನೆ ಬೀಳಿಸಿ, ಅವಳನ್ನು ಗದರಬೇಡಿ. ಇಡೀ ಬೈಬಲಿನಲ್ಲಿ ನನಗೆ ತುಂಬಾ ಇಷ್ಟವಾದ ದಾನ ಇದು. ಪಡೆದವಳು ಯಾರ ಮುಂದೆಯೂ ಕೈ ಚಾಚಬೇಕಾಗಲಿಲ್ಲ.

ನಾಲ್ಕನೇ ಶತಮಾನದಲ್ಲಿ ಅಂತಿಯೋಕ್ಯ ನಗರದ ಕ್ರೈಸ್ತ ಗುರು ಯೋಹಾನ ಕ್ರಿಸೋಸ್ತಮ, ಯೇಸುಸ್ವಾಮಿಯ ಕಥೆಯಲ್ಲಿ ಶ್ರೀಮಂತನ ಬಾಗಿಲಲ್ಲಿ ಬಿದ್ದಿದ್ದ ಬಡ ಲಾಜರನ ಬಗ್ಗೆ ಪ್ರವಚನ ಮಾಡುತ್ತಾ, ದಾನ ಕೊಡುವವನು ಬಂದರಿನ ಹಾಗೆ ಅಂದರು. ಹಡಗು ಒಡೆದು ಬಂದವನು ಒಳ್ಳೆಯವನಾ ಕೆಟ್ಟವನಾ ಅಂತ ಬಂದರು ಕೇಳುವುದಿಲ್ಲ. ಅಂದರೆ ಆಗಲೂ ಜನ ಇದೇ ಪ್ರಶ್ನೆ ಕೇಳುತ್ತಿದ್ದರು, ಅಲ್ವಾ?

ಮಕ್ಕಳು ಕೈ ಒಡ್ಡಿದರೆ ಮಾತ್ರ ನಾನು ದುಡ್ಡು ಕೊಡುವುದಿಲ್ಲ, ತಿಂಡಿ ಕೊಡಿಸುತ್ತೇನೆ. ಅವರ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ.

ಆದರೆ ದುಡ್ಡು ಕೊಟ್ಟು ನಡೆದುಬಿಡೋದು ಸುಲಭ. ಯೇಸುಸ್ವಾಮಿ ಹೇಳಿದ ಒಂದು ಸಾಮತಿಯಲ್ಲಿ, ಅಂದರೆ ನೀತಿಕಥೆಯಲ್ಲಿ, ಸಮಾರಿಯದವನೊಬ್ಬ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಸೇರಿಸಿ, ಛತ್ರದವನಿಗೆ ಎರಡು ದಿನಾರಿ ನಾಣ್ಯ ಕೊಟ್ಟ. ಅಂದಿನ ಲೆಕ್ಕಕ್ಕೆ ಎರಡು ದಿನದ ಕೂಲಿ. ಕೊಟ್ಟು, ಜಾಸ್ತಿ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಅಂದ. ಈ "ತಿರುಗಿ ಬಂದಾಗ" ಅನ್ನೋದು ನನ್ನನ್ನು ಬಹಳ ದಿನ ಕಾಡಿತು.

ಹೋದ ತಿಂಗಳು ಗೇಟಿನ ಹತ್ತಿರದ ಆ ಮನುಷ್ಯನ ಪಕ್ಕ ಕೂತೆ. ಹೌದು, ಕುಡಿಯುತ್ತಾನೆ. ಬಲಗಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದ. ಹಿಮ್ಮಡಿಯ ಮೇಲೆ ಅಂಗೈ ಅಗಲದ ಹುಣ್ಣು. "ರಾತ್ರಿ ನೋವಿಗೆ ನಿದ್ದೆ ಬರಲ್ಲ ಸಾ" ಅಂದ. ಮಾರನೇ ದಿನ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವತ್ತು ಸಂಜೆಯೂ ಕುಡಿದಿದ್ದ. ಗಾಯ ಸ್ವಲ್ಪ ಒಣಗಿದೆ. ಮುಂದಿನ ಡ್ರೆಸ್ಸಿಂಗ್ ಗುರುವಾರ ಇದೆ.